ದೊಡ್ಡ ನೆರೆಯವರು, ಸಣ್ಣ ದೇಶಗಳು: ನೀವು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ಸರ್, ನಾನು ರಾಜ್ಯಶಾಸ್ತ್ರ ಎಂ.ಎ. ಕೊನೆಯ ವರ್ಷದಲ್ಲಿದ್ದೇನೆ. ಬಲಿಷ್ಠ ನೆರೆಯವರ ಪಕ್ಕದಲ್ಲಿರುವ ಸಣ್ಣ ದೇಶಗಳ ಭದ್ರತೆ ಬಗ್ಗೆ ಪ್ರಬಂಧ ಬರೆಯಬೇಕು ಅಂತಿದ್ದೇನೆ. ಗೆಳತಿಯರು "ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತೆ, ಅದರಲ್ಲಿ ಓದೋದೇನಿದೆ" ಅಂತ ನಗುತ್ತಾರೆ. ಎಲ್ಲಿಂದ ಶುರು ಮಾಡಲಿ?
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ತಂಗಿ, ಅವರ ಮಾತು ನಿಜವಾಗಿದ್ದರೆ ಭೂತಾನ್, ಸಿಂಗಾಪುರ, ಲಕ್ಸೆಂಬರ್ಗ್ ಯಾವುದೂ ಇಷ್ಟೊತ್ತಿಗೆ ನಕ್ಷೆಯಲ್ಲಿ ಇರುತ್ತಿರಲಿಲ್ಲ. ಇವೆಯಲ್ಲ, ಹೇಗೆ ಉಳಿದವು? ಅದೇ ನಿನ್ನ ಪ್ರಬಂಧ.

ಶುರು ಮಾಡುವುದಕ್ಕೆ ದೂರ ಹೋಗಬೇಡ, ಕಿತ್ತೂರಿನಿಂದಲೇ ಶುರು ಮಾಡು. ಶಾಲೆಯಲ್ಲಿ ಅದನ್ನು ಶೌರ್ಯದ ಪಾಠವಾಗಿ ಓದಿದ್ದೇವೆ. ತಪ್ಪೇನಿಲ್ಲ. ಈಗ ಅದನ್ನೇ ಒಂದು ಸಣ್ಣ ಸಂಸ್ಥಾನದ ಲೆಕ್ಕಾಚಾರವಾಗಿ ಓದು. ಒಂದು ಕಡೆ ಮರಾಠರ ಪೇಶ್ವೆ, ಇನ್ನೊಂದು ಕಡೆ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ ಇದ್ದಷ್ಟು ದಿನ ಕಿತ್ತೂರಿಗೆ ಬೆಲೆ ಇತ್ತು, ಯಾಕಂದ್ರೆ ಅದು ಯಾರ ಕಡೆ ವಾಲುತ್ತದೆ ಅನ್ನುವುದು ಇಬ್ಬರಿಗೂ ಮುಖ್ಯವಾಗಿತ್ತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿಯಿತು, ಕಿತ್ತೂರಿನ ಬೆಲೆಯೂ ಇಳಿಯಿತು. 1824ರಲ್ಲಿ ದೊರೆ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತು ಒಪ್ಪುವುದಿಲ್ಲ ಅಂದ, ಖಜಾನೆಗೆ ಕೈ ಹಾಕಲು ಬಂದ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ, ರಾಣಿ ಚೆನ್ನಮ್ಮ ಗೆದ್ದರು. ಡಿಸೆಂಬರ್ ಹೊತ್ತಿಗೆ ಕಂಪನಿ ಇನ್ನೂ ದೊಡ್ಡ ದಂಡು ತಂದು ಕೋಟೆ ಹಿಡಿಯಿತು. ಮೊದಲ ಕಾಳಗ ಗೆಲ್ಲುವುದು ಬೇರೆ, ಎರಡನೇ ಸಲ ಬರುವ ದಂಡನ್ನು ತಡೆಯುವುದು ಬೇರೆ. ಅದನ್ನು ತಡೆಯಬಲ್ಲ ಇನ್ನೊಬ್ಬ ದೊಡ್ಡವ ಆಗ ಈ ಭಾಗದಲ್ಲಿ ಉಳಿದಿರಲೇ ಇಲ್ಲ.

ನಿಮ್ಮೂರಿನ ಆದಿಲ್‌ಶಾಹಿಯ ಕಥೆಯೂ ಹೀಗೇ. 1636ರಲ್ಲಿ ಶಹಜಹಾನನ ಹಿರಿತನ ಒಪ್ಪಿಕೊಂಡು, ಅಹ್ಮದ್‌ನಗರ ರಾಜ್ಯದ ಒಂದು ಪಾಲನ್ನೂ ಪಡೆದುಕೊಂಡಿತು. ಆಗ ಅದು ಲಾಭದ ವ್ಯವಹಾರ ಅನ್ನಿಸಿರಬೇಕು. ಆದರೆ ನಡುವೆ ಇದ್ದ ರಾಜ್ಯ ಹೋಗಿ, ಮೊಗಲರ ಗಡಿ ಮನೆ ಬಾಗಿಲಿಗೇ ಬಂತು. 1686ರಲ್ಲಿ ಔರಂಗಜೇಬ ವಿಜಯಪುರವನ್ನೇ ತೆಗೆದುಕೊಂಡ. ಹಾಗಾಗಿ ಸಣ್ಣ ದೇಶದ ಸೈನ್ಯ ಎಷ್ಟು ಅಂತ ಎಣಿಸುವ ಮೊದಲು, ಪಕ್ಕದಲ್ಲಿ ದೊಡ್ಡವರು ಎಷ್ಟು ಜನ, ನಡುವೆ ಏನಿದೆ ಅಂತ ನೋಡು. 1950ರಲ್ಲಿ ಚೀನಾದ ಸೈನ್ಯ ನಡುವೆ ಇದ್ದ ಟಿಬೆಟ್‌ಗೆ ನುಗ್ಗಿದ ಮೇಲೆ ನೇಪಾಳ, ಭೂತಾನ್, ಸಿಕ್ಕಿಂ ಮೂವರ ಸ್ಥಿತಿಯೂ ಬದಲಾಯಿತು. ಅದರಲ್ಲಿ ಸಿಕ್ಕಿಂನೊಳಗೆ 1973ರಲ್ಲಿ ಅರಮನೆಗೂ ಜನರಿಗೂ ಜಗಳ ಎದ್ದಿತು. 1975ರಲ್ಲಿ ಅದು ಭಾರತದ 22ನೇ ರಾಜ್ಯವಾಯಿತು. ಒಳಜಗಳ ಇದ್ದ ಕಡೆ ನೆರೆಯವರಿಗೆ ಬಾಗಿಲು ತಟ್ಟುವ ಕೆಲಸವೂ ಇರುವುದಿಲ್ಲ.

ಇನ್ನು ಈ ಕಾಲದ ಉದಾಹರಣೆ ಬೇಕಾದರೆ 2015ರ ನೇಪಾಳವನ್ನು ಹಿಡಿ. ಏಪ್ರಿಲ್‌ನಲ್ಲಿ ಭೂಕಂಪ, ಸೆಪ್ಟೆಂಬರ್‌ನಲ್ಲಿ ಹೊಸ ಸಂವಿಧಾನ, ಅದರ ಬೆನ್ನಿಗೇ ಭಾರತದ ಗಡಿಗೆ ಅಂಟಿದ ಬಯಲು ಸೀಮೆ ತರಾಯಿಯಲ್ಲಿ, ಅಲ್ಲಿನ ಮಧೇಶಿ ಜನರ ಪ್ರತಿಭಟನೆ ಇನ್ನೂ ಜೋರಾಯಿತು. ರಕ್ಸೌಲ್–ಬೀರ್‌ಗಂಜ್ ಗಡಿಯಲ್ಲಿ ಲಾರಿಗಳು ನಿಂತವು. ಇದು ಭಾರತದ ದಿಗ್ಬಂಧನ ಅಂತ ನೇಪಾಳ, ನಾವೇನೂ ತಡೆದಿಲ್ಲ, ಅಲ್ಲಿನ ಗಲಾಟೆಗೆ ಲಾರಿ ಹೋಗ್ತಿಲ್ಲ ಅಂತ ಭಾರತ. ಒಂದು ಗುಂಡೂ ಹಾರಲಿಲ್ಲ ಭಾರತದ ಕಡೆಯಿಂದ, ಆದರೂ ಕಠ್ಮಂಡುವಿನಲ್ಲಿ ಪೆಟ್ರೋಲಿಗೆ ಮೈಲುಗಟ್ಟಲೆ ಸಾಲು, ಗ್ಯಾಸ್ ಸಿಲಿಂಡರ್ ಸಿಗದೆ ಜನ ಕಟ್ಟಿಗೆ ಒಲೆಗೂ ಇಂಡಕ್ಷನ್ ಒಲೆಗೂ ಇಳಿದರು. ಚಳಿಗಾಲದಲ್ಲಿ ಔಷಧಿಗೂ ಪರದಾಟ. 2016ರ ಮಾರ್ಚ್‌ನಲ್ಲಿ ಪ್ರಧಾನಿ ಓಲಿ ಬೀಜಿಂಗ್‌ಗೆ ಹೋಗಿ ಚೀನಾದ ಬಂದರುಗಳ ಮೂಲಕ ಸರಕು ತರಿಸುವ ಒಪ್ಪಂದ ಮಾಡಿಕೊಂಡು ಬಂದರು. ಸರಿ, ಆದರೆ ಹಿಮಾಲಯ ದಾಟಿ ಬರುವ ರಸ್ತೆ ಕೋಲ್ಕತ್ತ ಬಂದರಿನ ರಸ್ತೆಗೆ ಸಾಟಿಯೇ? 2019ರಲ್ಲಿ ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ ಪೈಪ್‌ಲೈನ್ ಬಂದು, ಎಣ್ಣೆ ಇನ್ನೂ ಸಲೀಸಾಗಿ ಭಾರತದಿಂದಲೇ ಹರಿಯಿತು. ಭದ್ರತೆ ಅಂದ್ರೆ ಬರೀ ಬಂದೂಕು ಅಂದುಕೊಂಡವರು ಈ ಒಂದು ಪ್ರಕರಣ ಓದಿದರೆ ಸಾಕು.

ಒಂದು ಕಿವಿಮಾತು. ಈ ವಿಷಯ ಓದುವಾಗ ನಾವು ಭಾರತೀಯರು ಗೊತ್ತಿಲ್ಲದೆ ದೆಹಲಿಯ ಕಿಟಕಿಯಿಂದಲೇ ನೋಡುತ್ತೇವೆ. "ನೇಪಾಳ ಚೀನಾ ಕಡೆ ಹೋಯ್ತು" ಅಂತ ಬರೆದು ಮುಗಿಸುತ್ತೇವೆ. ಈ ಕಥೆಯಲ್ಲಿ ದೊಡ್ಡ ನೆರೆಯವರು ನಾವೇ ಅಲ್ವಾ? ಕಠ್ಮಂಡು ಪೋಸ್ಟ್, ಭೂತಾನಿನ ಕುಯೆನ್ಸೆಲ್ ಎರಡೂ ಇಂಗ್ಲಿಷಿನಲ್ಲಿ ಸಿಗುತ್ತವೆ, ಓದು. 2017ರಲ್ಲಿ ದೋಕ್ಲಾಂನಲ್ಲಿ ಭಾರತ, ಚೀನಾ ಸೈನಿಕರು 73 ದಿನ ಎದುರುಬದುರು ನಿಂತಿದ್ದಾಗ, ಜಾಗ ತನ್ನದು ಅನ್ನುವ ಭೂತಾನ್ ಜೂನ್ 29ರಂದು ಒಂದು ಹೇಳಿಕೆ ಕೊಟ್ಟು, ಆಮೇಲೆ ಜಾಸ್ತಿ ಬಾಯಿಯೇ ಬಿಡಲಿಲ್ಲ. ಆ ಮೌನ ಹೆದರಿಕೆಯೋ ಜಾಣತನವೋ? ನನ್ನ ಕೇಳಿದರೆ ಜಾಣತನ. ನೀನು ಒಪ್ಪಬೇಕಿಲ್ಲ, ವಾದ ಮಾಡು, ಅದಕ್ಕೇ ಒಂದು ಅಧ್ಯಾಯ ಆಗುತ್ತದೆ.

ಪ್ರಶ್ನೆ: ಯಾರ ಗೊಡವೆಗೂ ಹೋಗದೆ ಸುಮ್ನೆ ತಟಸ್ಥವಾಗಿದ್ದರೆ ಸಣ್ಣ ದೇಶ ಬಚಾವ್ ಅಲ್ವಾ ಸರ್?
– ವ್ಯಾಪಾರಿ, ಬಾಗಲಕೋಟೆ

ಉತ್ತರ: ಬೆಲ್ಜಿಯಂ ಹಾಗೇ ಇತ್ತು ಸಾಹುಕಾರ್ರೇ. 1839ರ ಒಪ್ಪಂದದಲ್ಲಿ ದೊಡ್ಡ ದೇಶಗಳೆಲ್ಲ ಸೇರಿ ಅದರ ತಟಸ್ಥತೆಗೆ ಸಹಿ ಹಾಕಿದ್ದವು, ಮುಂದೆ ಜರ್ಮನಿಯನ್ನು ಕಟ್ಟಿದ ಪ್ರಶ್ಯಾ ಕೂಡ. 1914ರ ಆಗಸ್ಟ್ 4ರಂದು ಜರ್ಮನ್ ಸೈನ್ಯ ಒಳಗೆ ನುಗ್ಗಿತು. ಬೆಲ್ಜಿಯಂ ಮೇಲೆ ಸಿಟ್ಟಿರಲಿಲ್ಲ, ಫ್ರಾನ್ಸ್‌ಗೆ ಹೋಗುವ ದಾರಿ ಅಲ್ಲಿತ್ತು ಅಷ್ಟೇ. ಫಿನ್ಲೆಂಡ್ ಬೇರೆ ಥರ. 1939ರಲ್ಲಿ ಸೋವಿಯತ್ ದಾಳಿಗೆ ಚಳಿಗಾಲವಿಡೀ ಎದುರು ನಿಂತು, ನೆಲ ಕಳೆದುಕೊಂಡರೂ ದೇಶ ಉಳಿಸಿಕೊಂಡಿತು. 1948ರಲ್ಲಿ ಮಾಸ್ಕೋ ಜೊತೆ ಒಪ್ಪಂದ ಮಾಡಿಕೊಂಡು ವಿದೇಶಾಂಗ ವಿಷಯದಲ್ಲಿ ತಗ್ಗಿ ನಡೆಯಿತು, ಚುನಾವಣೆ, ಮಾರುಕಟ್ಟೆ ಮಾತ್ರ ತನ್ನದೇ. ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದ್ದು ನೋಡಿ 2023ರ ಏಪ್ರಿಲ್ 4ರಂದು ನ್ಯಾಟೋ ಸೇನಾ ಕೂಟ ಸೇರಿತು. ತಟಸ್ಥತೆ ನಡೆಯುವುದು ನೆರೆಯವರಿಗೂ ಅದರಿಂದ ಅನುಕೂಲ ಇರುವತನಕ.

ಪ್ರಶ್ನೆ: ಸಿಂಗಾಪುರಕ್ಕೆ ಕುಡಿಯುವ ನೀರೂ ಮಲೇಷ್ಯಾದಿಂದ ಬರುತ್ತಂತೆ, ಹೌದಾ?
– ರೈತ, ಅಥಣಿ

ಉತ್ತರ: ಹೌದು ಕಾಕಾ. ಬೇಸಿಗೆಯಲ್ಲಿ ಕೃಷ್ಣೆ ಒಣಗಿದಾಗ ಕೊಯ್ನಾದಿಂದ ನೀರು ಬಿಡಿ ಅಂತ ನಾವು ಮಹಾರಾಷ್ಟ್ರವನ್ನು ಕೇಳುತ್ತೇವಲ್ಲ, ಆ ಫಜೀತಿ ನಿಮಗೆ ಹೇಳಬೇಕಾಗಿಲ್ಲ. ನಮಗಾದರೆ ಮೇಲೆ ಕೇಂದ್ರ ಇದೆ, ನ್ಯಾಯಾಧಿಕರಣ ಇದೆ. ಸಿಂಗಾಪುರದ ಕೈಯಲ್ಲಿ ಇರುವುದು 1962ರ ಒಪ್ಪಂದ: ಜೋಹೋರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್‌ವರೆಗೆ, 2061ರತನಕ. ಅದನ್ನೇ ನಂಬಿ ಕೂರಲಿಲ್ಲ ಅವರು. ಮಳೆನೀರಿಗೆ ಕೆರೆ ಕಟ್ಟಿದರು, ಚರಂಡಿಗೆ ಹೋಗುವ ನೀರನ್ನು ಶುದ್ಧ ಮಾಡಿ ಮತ್ತೆ ಬಳಸಿದರು, ಸಮುದ್ರದ ನೀರಿನ ಉಪ್ಪು ತೆಗೆದರು. 1967ರಿಂದ ಗಂಡುಮಕ್ಕಳಿಗೆಲ್ಲ ಕಡ್ಡಾಯ ಸೇನಾ ತರಬೇತಿಯೂ ಇದೆ.

ಪ್ರಶ್ನೆ: 'ಸಣ್ಣ ದೇಶ' ಅಂದರೆ ಎಷ್ಟು ಸಣ್ಣ? ಪರೀಕ್ಷೆಗೆ ಬೇಕಿತ್ತು.
– ಸ್ಪರ್ಧಾತ್ಮಕ ಪರೀಕ್ಷೆ ಅಭ್ಯರ್ಥಿ, ಬೆಳಗಾವಿ

ಉತ್ತರ: ಕಾಮನ್‌ವೆಲ್ತ್ ಲೆಕ್ಕದಲ್ಲಿ ಸುಮಾರು 15 ಲಕ್ಷ ಜನಸಂಖ್ಯೆಯವರೆಗೆ. ವಿಶ್ವಸಂಸ್ಥೆಯಲ್ಲಿ ಸಿಂಗಾಪುರ 1992ರಲ್ಲಿ ಶುರು ಮಾಡಿದ ಸಣ್ಣ ದೇಶಗಳ ವೇದಿಕೆಯಲ್ಲಿ 1 ಕೋಟಿಯವರೆಗೆ. 2011ರ ಜನಗಣತಿಯಲ್ಲಿ ನಿಮ್ಮ ಬೆಳಗಾವಿ ಜಿಲ್ಲೆಯಲ್ಲೇ 47 ಲಕ್ಷ ದಾಟಿತ್ತು, ಭೂತಾನ್ ಅದರ ಕಾಲು ಭಾಗವೂ ಇಲ್ಲ. ನೇಪಾಳ ಮಾತ್ರ 3 ಕೋಟಿಯ ಹತ್ತಿರ ಇರುವುದರಿಂದ ಈ ಎರಡೂ ಅಳತೆಗೆ ಸಿಗುವುದಿಲ್ಲ, ಆದರೂ ಎಲ್ಲರೂ ಅದನ್ನು ಈ ಪಟ್ಟಿಯಲ್ಲೇ ಓದುತ್ತಾರೆ. ಉತ್ತರದಲ್ಲಿ ಎರಡೂ ಅಂಕಿ ಬರೆದು, ಕೊನೆಗೆ ನೇಪಾಳದ ಉದಾಹರಣೆ ಸೇರಿಸಿ.