ಬಿಎ ಆದ ಮೇಲೆ ಎಂಎ ಮಾಡಲಾ, ಬಿ.ಎಡ್ ಮಾಡಲಾ?

ತುಮಕೂರಲ್ಲಿ ಇತಿಹಾಸ, ಅರ್ಥಶಾಸ್ತ್ರ ಓದಿ ಬಿಎ ಮುಗಿಸಿದ್ದೀನಿ, ಮುಂದೇನು ಅಂತ ಕೇಳಿದ್ದೀರಿ. ಮೇಷ್ಟ್ರಾಗುವ ಮನಸ್ಸಿದ್ದರೆ ಬಿ.ಎಡ್ ಮಾಡಿ. 2 ವರ್ಷ, ಜೊತೆಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾದರೆ 6ರಿಂದ 8ನೇ ತರಗತಿಯ ಸಮಾಜ ವಿಜ್ಞಾನದ ಹುದ್ದೆಗೆ ಅರ್ಜಿ ಹಾಕಬಹುದು. ಬರೀ ಎಂಎ ಇಟ್ಟುಕೊಂಡು ಡಿಗ್ರಿ ಕಾಲೇಜಿಗೆ ಹೋಗುತ್ತೀನಿ ಅಂದರೆ ಆಗಲ್ಲ, ಕೆಸೆಟ್, ನೆಟ್ ಎಂಬ ಅರ್ಹತಾ ಪರೀಕ್ಷೆಗಳಲ್ಲಿ ಒಂದು ಪಾಸಾಗಿರಬೇಕು ಇಲ್ಲವೇ ಪಿಎಚ್‌ಡಿ ಬೇಕು, ಅದಾದ ಮೇಲೂ ಕಾಯಂ ನೇಮಕಾತಿಗೆ ಯಾವಾಗ ಕರೆಯುತ್ತಾರೋ ಅಂತ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯುವವರು ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟು ಜನ ಇದ್ದಾರೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಹುದ್ದೆಗಳಿಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ, ನಿಮ್ಮ ಇತಿಹಾಸದ ಓದು ಅಲ್ಲಿ ಸುಮ್ನೆ ಹೋಗಲ್ಲ. ತುಮಕೂರಿನ ಹತ್ತಿರದ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗಳಲ್ಲಿ ಬಿಎಗೆ ಬೆಲೆ ಇಲ್ಲ ಅಂತ ಯಾರೋ ಹೆದರಿಸಿದರು ಅಂದಿರಲ್ಲ, ಸ್ಟೋರ್ಸ್, ಎಚ್‌ಆರ್ ಕಡೆ ವಿಚಾರಿಸಿ, ಎಕ್ಸೆಲ್ ಕಲಿತುಕೊಳ್ಳಿ. ಅಂದ ಹಾಗೆ, ಡಿಗ್ರಿಯಲ್ಲಿ ಶೇ 50 ದಾಟಿದೆ ತಾನೇ? ಸಾಮಾನ್ಯ ವರ್ಗದವರಿಗೆ ಬಿ.ಎಡ್ ಸೀಟಿಗೆ ಅಷ್ಟು ಬೇಕೇ ಬೇಕು.