ಪ್ರತಿಕ್ರಿಯೆ: ಈ ಜಗಳದ ನಡುವೆ ಡಿಸಿಎಸ್ ಮಾಡ್ಯೂಲ್ ಕೊಳ್ಳಬಹುದೇ?

ಡಿಸಿಎಸ್ ಎಂದರೆ ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವ ಆಟ; ಅದರಲ್ಲಿ ಬಿಡಿಯಾಗಿ ಕೊಳ್ಳುವ ವಿಮಾನ, ನಕ್ಷೆಗಳೇ ಮಾಡ್ಯೂಲ್. ಆಟದ ತಯಾರಕರಾದ ಈಗಲ್ ಡೈನಾಮಿಕ್ಸ್‌ಗೂ ಅದಕ್ಕೆ ಎಫ್-15ಇ ವಿಮಾನ ಮಾಡಿಕೊಟ್ಟ ರೇಜ್‌ಬ್ಯಾಮ್ ಕಂಪನಿಗೂ ನಡೆದ ಜಗಳ ಓದಿದ ಮೇಲೆ ಡಿಸಿಎಸ್‌ಗೆ ದುಡ್ಡು ಹಾಕಲೇ ಎಂದು ಹಾಸನದಿಂದ ಕೇಳಿದ್ದೀರಿ. ಹಾಕಿ, ಆದರೆ ಅಳೆದು ಹಾಕಿ. 2024ರ ಏಪ್ರಿಲ್‌ನಲ್ಲಿ ಪಾವತಿ ತಕರಾರಿನಿಂದ ಎಫ್-15ಇ ಕೆಲಸ ನಿಂತಿತು. ಮೂಲ ಆಟ ಅಪ್‌ಡೇಟ್ ಆಗುತ್ತಲೇ ಇರುತ್ತದೆ; ವಿಮಾನದ ಕೋಡ್ ಮಾತ್ರ ನಿಂತಲ್ಲೇ ನಿಂತರೆ ರಾಡಾರೋ ಆಯುಧವೋ ಒಂದು ದಿನ ಕೈಕೊಡುತ್ತದೆ. ಹಾಗಾಗಿ ಅರ್ಲಿ ಆಕ್ಸೆಸ್ (ಪೂರ್ತಿಯಾಗುವ ಮೊದಲೇ ಮಾರುವ) ಮಾಡ್ಯೂಲ್‌ನಲ್ಲಿ ಇವತ್ತು ಏನು ನಡೆಯುತ್ತದೋ ಅಷ್ಟಕ್ಕೇ ಬೆಲೆ ಕಟ್ಟಿ, ಮುಂದೆ ಬರುತ್ತದೆ ಎಂದದ್ದಕ್ಕಲ್ಲ.

ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿ ಬಿಟ್ಟು, ತಯಾರಕರ ಜಾಲತಾಣದಿಂದಲೇ ಇಳಿಸುವ ಸ್ಟ್ಯಾಂಡ್‌ಅಲೋನ್ ಆವೃತ್ತಿ ಹಾಕಿಕೊಳ್ಳಿ, ಮಾಡ್ಯೂಲ್‌ಗಳ 14 ದಿನದ ಉಚಿತ ಟ್ರಯಲ್ ಅಲ್ಲೇ ಸಿಗುವುದು. ಸು-25ಟಿ, ಟಿಎಫ್-51ಡಿ ವಿಮಾನಗಳು, ಕಾಕಸಸ್ ನಕ್ಷೆ ಹೇಗೂ ಪುಕ್ಕಟೆ. ಈ ಜಗಳದಲ್ಲಿ ಪಕ್ಷ ವಹಿಸಿ ಹೊಸಬರನ್ನು ಹೆದರಿಸಿ ಓಡಿಸುವ ಬಣಗಳ ಮಾತು ಕೇಳಬೇಡಿ. ಕೊಳ್ಳುವವರೇ ಕಡಿಮೆ ಇರುವ ಆಟವಿದು, ಅವರೂ ಹೋದರೆ ಮುಂದಿನ ವಿಮಾನಕ್ಕೆ ಕಾಸೆಲ್ಲಿಂದ ಬರಬೇಕು? ಡೌನ್‌ಲೋಡ್ ನೂರು ಜಿಬಿ ದಾಟುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ಕರೆಂಟ್ ಹೋಗಿ ಫೈಲ್ ಕೆಟ್ಟರೆ ಆಟದ ಜೊತೆಗೇ ಬರುವ ರಿಪೇರ್ (ಕೆಟ್ಟ ಫೈಲ್ ಸರಿಪಡಿಸುವ ಸೌಲಭ್ಯ) ಓಡಿಸಿ, ಮೊದಲಿಂದ ಇಳಿಸಬೇಡಿ.