ಐದು ಜನರ ಮನೆಗೆ ಸಿಂಗಲ್ ಡೋರ್ ಫ್ರಿಜ್ ಸಾಕೇ, ಡಬಲ್ ಡೋರ್ ಬೇಕೇ?

ದಾವಣಗೆರೆಯಲ್ಲಿ ಬಾಡಿಗೆ ಮನೆ, ಮನೆಯಲ್ಲಿ ಐದು ಜನ ಶಾಕಾಹಾರಿಗಳು, ಚಿಕ್ಕ ಅಡುಗೆಮನೆ, ಬೇಸಿಗೆಯಲ್ಲಿ ಆಗಾಗ ಹೋಗುವ ಕರೆಂಟು, ಮೂವತ್ತು ಸಾವಿರ ರೂಪಾಯಿಯ ಮಿತಿ: ಇಷ್ಟು ವಿವರ ಕೊಟ್ಟು, ಸಿಂಗಲ್ ಡೋರ್ ಸಾಕೇ, ಡಬಲ್ ಡೋರ್ ಬೇಕೇ, ಇನ್ವರ್ಟರ್ ಕಂಪ್ರೆಸರಿಗೆ ಹೆಚ್ಚು ಹಣ ತೆರುವುದು ಸರಿಯೇ, ಸ್ಟೆಬಿಲೈಸರ್ ಬೇರೆ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಗೃಹೋಪಯೋಗಿ ಉಪಕರಣಗಳ ಮಾರಾಟ ಮತ್ತು ದುರಸ್ತಿ ಎರಡರಲ್ಲೂ ಹಲವು ವರ್ಷ ದುಡಿದವನಾದ್ದರಿಂದ ಉತ್ತರಿಸುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಿಮಗೆ 260 ಲೀಟರಿನ ಆಸುಪಾಸಿನ, ಎರಡು ಅಥವಾ ಮೂರು ಸ್ಟಾರಿನ ಫ್ರಾಸ್ಟ್ ಫ್ರೀ (ಒಳಗೆ ಮಂಜುಗಡ್ಡೆ ಕಟ್ಟದ) ಡಬಲ್ ಡೋರ್ ಫ್ರಿಜ್ ಸರಿಹೊಂದುತ್ತದೆ. ಆದರೆ ನಿಮ್ಮ ಮನೆಯ ಪಾತ್ರೆಗಳನ್ನೂ ನಿಮ್ಮ ಬೀದಿಯ ಕರೆಂಟನ್ನೂ ಗಮನಿಸಿದರೆ ಈ ತೀರ್ಮಾನ ಬದಲಾಗಲೂಬಹುದು; ಆದ್ದರಿಂದ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅಂಗಡಿಯಲ್ಲಿ ಎಲ್ಲರೂ ಮೊದಲು ನೋಡುವುದು ಲೀಟರಿನ ಲೆಕ್ಕ, ಜನರು ಮೋಸಹೋಗುವುದೂ ಅಲ್ಲಿಯೇ. ಬಾಗಿಲ ಮೇಲೆ ಅಂಟಿಸಿರುವ ಸಂಖ್ಯೆ ಫ್ರೀಜರನ್ನೂ ಕೆಳಗಿನ ಭಾಗವನ್ನೂ ಕೂಡಿಸಿ ಹೇಳಿದ್ದಾಗಿರುತ್ತದೆ. 240 ಲೀಟರಿನ ಡಬಲ್ ಡೋರ್ ಫ್ರಿಜ್ಜಿನಲ್ಲಿ ಸುಮಾರು ಐವತ್ತರಿಂದ ಅರವತ್ತು ಲೀಟರ್ ಫ್ರೀಜರಿಗೇ ಹೋಗುವುದರಿಂದ ಹಾಲು, ಮೊಸರು, ಹಿಟ್ಟು, ತರಕಾರಿಗೆ ಉಳಿಯುವುದು ನೂರ ಎಂಬತ್ತರ ಸುತ್ತಮುತ್ತ. 190 ಅಥವಾ 200 ಲೀಟರಿನ ಸಿಂಗಲ್ ಡೋರ್ ಫ್ರಿಜ್ಜಿನಲ್ಲಿ ಫ್ರೀಜರ್ ಬಹಳ ಚಿಕ್ಕದಾದ್ದರಿಂದ ಕೆಳಗಿನ ಜಾಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಂದರೆ, ಜಾಗ ಸಾಲದು ಎಂದು ಎಂಟು-ಹತ್ತು ಸಾವಿರ ರೂಪಾಯಿ ಹೆಚ್ಚು ಕೊಟ್ಟು 190ರಿಂದ 240ಕ್ಕೆ ಹೋದವರು ಬಹುಮಟ್ಟಿಗೆ ಕೊಂಡದ್ದು ಫ್ರೀಜರನ್ನು. ಕರಾವಳಿಯ ಮನೆಗಳಲ್ಲಿ ಮೀನು ತಂದಿಡುವವರಿಗೆ ಅದು ಉಪಯೋಗಕ್ಕೆ ಬರುತ್ತದೆ. ಶಾಕಾಹಾರಿ ಮನೆಯಲ್ಲಿ ಐಸಿನ ಟ್ರೇ, ಬಟಾಣಿಯ ಪೊಟ್ಟಣ, ಒಂದೆರಡು ಐಸ್‌ಕ್ರೀಂ ಡಬ್ಬಿ ಬಿಟ್ಟರೆ ಅದು ಖಾಲಿಯೇ ಇರುತ್ತದೆ. ಈ ಕಾರಣಕ್ಕಾಗಿಯೇ ನಾನು ನಿಮಗೆ 240 ಎನ್ನದೆ 260 ಎಂದದ್ದು. ಫ್ರೀಜರನ್ನು ಬೇಕಾದಾಗ ಸಾಮಾನ್ಯ ಫ್ರಿಜ್ಜಿನ ತಂಪಿಗೆ ಬದಲಾಯಿಸಿಕೊಳ್ಳಬಹುದಾದ ಕನ್ವರ್ಟಿಬಲ್ ಮಾದರಿ ನಿಮ್ಮ ಮಿತಿಯೊಳಗೆ ಸಿಕ್ಕರೆ ಇನ್ನೂ ಒಳ್ಳೆಯದು. ಹಬ್ಬದ ದಿನಗಳಲ್ಲಿ ಮೇಲಿನ ಜಾಗವೂ ಕೈಗೆ ಸಿಗುತ್ತದೆ. ಯಾವ ಮಾದರಿಯಾದರೂ ಫ್ರೀಜರ್ ಎಷ್ಟು ಲೀಟರ್, ಉಳಿದದ್ದು ಎಷ್ಟು ಎಂಬುದನ್ನು ಬೇರೆಬೇರೆಯಾಗಿ ಕೇಳಿ. ಒಟ್ಟು ಸಾಮರ್ಥ್ಯ ಮತ್ತು ನಿಜವಾಗಿ ಬಳಸಬಹುದಾದ ಸಾಮರ್ಥ್ಯ ಎಂಬ ಎರಡು ಲೆಕ್ಕಗಳೂ ಇರುವುದರಿಂದ, ಎರಡನೆಯದನ್ನು ಮಾತ್ರ ಹೋಲಿಸಿ.

ಲೀಟರಿಗಿಂತಲೂ ಮುಖ್ಯವಾದದ್ದು ಪಾತ್ರೆಯ ಎತ್ತರ. ಅಂಗಡಿಗೆ ಹೋಗುವ ಮುಂಚೆ ನೀವು ದೋಸೆ ಹಿಟ್ಟು ಇಡುವ ಡಬ್ಬಿ, ಹಾಲು ಕಾಯಿಸುವ ಪಾತ್ರೆ, ಸಾರು ಉಳಿದಾಗ ಹಾಗೆಯೇ ಒಳಗಿಡುವ ದಬರಿ, ಈ ಮೂರನ್ನು ಮುಚ್ಚಳ ಸಮೇತ ಟೇಪಿನಿಂದ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಅನೇಕ ಫ್ರಿಜ್ಜುಗಳ ಮೇಲಿನ ಹಲಗೆಗಳ ನಡುವಿನ ಅಂತರ ಚಪ್ಪಟೆ ಡಬ್ಬಿಗಳಿಗೆಂದೇ ಮಾಡಿದಂತಿರುತ್ತದೆ. ಐದು ಜನರ ಹಿಟ್ಟಿನ ಡಬ್ಬಿಯನ್ನು ಅಲ್ಲಿಡಬೇಕೆಂದರೆ ಒಂದು ಗಾಜಿನ ಹಲಗೆಯನ್ನೇ ತೆಗೆದು ಅಟ್ಟದ ಮೇಲೆ ಹಾಕಬೇಕಾಗುತ್ತದೆ. ಹಿಟ್ಟು ತಂಪಿನಲ್ಲಿಯೂ ನಿಧಾನವಾಗಿ ಉಬ್ಬುವುದರಿಂದ ಡಬ್ಬಿಯ ಮೇಲೆ ಎರಡು ಬೆರಳಷ್ಟು ಜಾಗ ಬಿಟ್ಟೇ ಅಳೆಯಿರಿ. ಮಳಿಗೆಯಲ್ಲಿ ಹಲಗೆಯನ್ನು ನೀವೇ ಹೊರಗೆಳೆದು, ಬೇರೆ ಎತ್ತರಕ್ಕೆ ಸರಿಸಿ ನೋಡಿ, ಯಾರೂ ಬೇಡವೆನ್ನುವುದಿಲ್ಲ. ತರಕಾರಿಯ ಟ್ರೇ ಎಷ್ಟು ಆಳವಿದೆಯೆಂದು ಕೈಹಾಕಿ ಪರೀಕ್ಷಿಸಿ: ಸಂತೆಯಿಂದ ತಂದ ಸೊಪ್ಪಿನ ಕಟ್ಟು ಮಡಚದೆ ಮಲಗುವಂತಿರಬೇಕು. ಬಾಗಿಲಿನ ಒಳಗಿನ ಸಾಲು ಎರಡು ಲೀಟರಿನ ನೀರಿನ ಬಾಟಲಿಯ ಭಾರವನ್ನು ತಡೆಯುವಷ್ಟು ಗಟ್ಟಿಯಾಗಿದೆಯೇ ಎಂಬುದನ್ನೂ ಗಮನಿಸಿ, ಏಕೆಂದರೆ ವರ್ಷ ತುಂಬುವುದರೊಳಗೆ ಬಿರುಕು ಬಿಡುವುದು ಹೆಚ್ಚಾಗಿ ಆ ಪ್ಲಾಸ್ಟಿಕ್ಕೇ.

ಇನ್ನು ಸಿಂಗಲ್ ಡೋರ್ ಮತ್ತು ಡಬಲ್ ಡೋರ್ ನಡುವಿನ ನಿಜವಾದ ವ್ಯತ್ಯಾಸ ಬಾಗಿಲುಗಳ ಸಂಖ್ಯೆಯಲ್ಲಿಲ್ಲ, ತಂಪು ಮಾಡುವ ವಿಧಾನದಲ್ಲಿದೆ. ಸಿಂಗಲ್ ಡೋರ್ ಫ್ರಿಜ್ಜುಗಳು ಸಾಮಾನ್ಯವಾಗಿ ಡೈರೆಕ್ಟ್ ಕೂಲ್ ವಿಧಾನದವು. ಅವುಗಳಲ್ಲಿ ಫ್ರೀಜರಿನ ಗೋಡೆಯೇ ತಣ್ಣಗಾಗುತ್ತದೆ, ಅಲ್ಲಿಂದ ತಂಪು ಗಾಳಿ ತಾನಾಗಿ ಕೆಳಗಿಳಿಯುತ್ತದೆ, ಆಹಾರದ ತೇವವೆಲ್ಲ ಆ ಗೋಡೆಯ ಮೇಲೆ ಮಂಜುಗಡ್ಡೆಯಾಗಿ ಕಟ್ಟುತ್ತದೆ. ಅದು ದಪ್ಪವಾದಾಗ ಡಿಫ್ರಾಸ್ಟ್ ಗುಂಡಿ ಒತ್ತಿ ಕರಗಿಸಬೇಕು. ಫ್ರಾಸ್ಟ್ ಫ್ರೀ ವಿಧಾನದಲ್ಲಿ ಹಿಂಬದಿಯಲ್ಲಿ ಅಡಗಿರುವ ಸುರುಳಿಯ ಮೇಲೆ ಹಾದುಬರುವ ಗಾಳಿಯನ್ನು ಫ್ಯಾನೊಂದು ಎಲ್ಲ ಕಡೆಗೂ ಹರಿಸುತ್ತದೆ, ಮತ್ತು ಸುರುಳಿಯ ಮೇಲೆ ಕಟ್ಟಿದ ಮಂಜನ್ನು ಹೀಟರೊಂದು ಆಗಾಗ ಕರಗಿಸಿ ನೀರನ್ನು ಹಿಂದಿನ ತಟ್ಟೆಗೆ ಇಳಿಸುತ್ತದೆ. ತಂಪು ಎಲ್ಲ ಹಲಗೆಗಳಿಗೂ ಸಮನಾಗಿ ಹರಡುತ್ತದೆ, ಆದರೆ ಬೀಸುವ ಗಾಳಿ ಒಣಗಿಸುತ್ತದೆ. ಮುಚ್ಚದೆ ಇಟ್ಟ ಚಪಾತಿ ಹಿಟ್ಟು, ಅರ್ಧ ಹೋಳು ತೆಂಗಿನಕಾಯಿ ಮರುದಿನವೇ ಒರಟಾಗುತ್ತವೆ. ಎಲ್ಲವನ್ನೂ ಮುಚ್ಚಿಡುವ ಅಭ್ಯಾಸವಿದ್ದರೆ ಇದು ತೊಂದರೆಯಲ್ಲ.

ದುರಸ್ತಿಯ ಕಡೆಯಿಂದ ನೋಡಿದರೆ ಡೈರೆಕ್ಟ್ ಕೂಲ್ ಫ್ರಿಜ್ಜಿನಲ್ಲಿ ಕೆಡುವಂಥ ಭಾಗಗಳು ಕಡಿಮೆ: ಫ್ಯಾನಿಲ್ಲ, ಹೀಟರಿಲ್ಲ. ಅದರ ದೊಡ್ಡ ಶತ್ರು ಮನೆಯ ಚಾಕು. ಗುಂಡಿ ಒತ್ತಿ ಕಾಯುವ ತಾಳ್ಮೆಯಿಲ್ಲದೆ ಚಾಕುವಿನಿಂದಲೋ ಸೌಟಿನ ಹಿಡಿಯಿಂದಲೋ ಮಂಜುಗಡ್ಡೆ ಕೆತ್ತಲು ಹೋಗಿ, ಅಲ್ಯೂಮಿನಿಯಂ ಗೋಡೆಗೆ ಸೂಜಿಮೊನೆಯಷ್ಟು ತೂತು ಬಿದ್ದು, ಗ್ಯಾಸೆಲ್ಲ ಹೊರಟುಹೋದ ಫ್ರಿಜ್ಜುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಈಗಿನ ಬಹುತೇಕ ಫ್ರಿಜ್ಜುಗಳಲ್ಲಿರುವುದು ಆರ್600ಎ ಎಂಬ ಐಸೊಬ್ಯೂಟೇನ್ ಅನಿಲ. ಪರಿಸರಕ್ಕೆ ಹಳೆಯ ಆರ್134ಎಗಿಂತ ಬಹಳ ವಾಸಿ, ಪ್ರಮಾಣವೂ ಕೆಲವು ಹತ್ತು ಗ್ರಾಮಿನಷ್ಟೇ. ಆದರೆ ಹೊತ್ತಿಕೊಳ್ಳುವ ಗುಣವುಳ್ಳದ್ದಾದ್ದರಿಂದ ಅದನ್ನು ತುಂಬಿಸಿ ಬೆಸುಗೆ ಹಾಕುವ ಕೆಲಸವನ್ನು ತರಬೇತಿಯಿಲ್ಲದ ಮೆಕ್ಯಾನಿಕ್ಕಿಗೆ ಒಪ್ಪಿಸಬಾರದು. ಹೀಗಾಗಿ ಬ್ರ್ಯಾಂಡ್ ಯಾವುದೆಂದು ತಲೆಕೆಡಿಸಿಕೊಳ್ಳುವುದಕ್ಕಿಂತ, ಆ ಕಂಪನಿಯ ಸರ್ವಿಸ್ ಸೆಂಟರ್ ನಿಮ್ಮ ಊರಿನಲ್ಲಿಯೇ ಇದೆಯೇ, ದೂರು ಕೊಟ್ಟ ಎಷ್ಟು ದಿನಕ್ಕೆ ಬರುತ್ತಾರೆ ಎಂಬುದನ್ನು ಅಕ್ಕಪಕ್ಕದವರಲ್ಲಿ ವಿಚಾರಿಸುವುದು ಮೇಲು.

ಇನ್ವರ್ಟರ್ ಕಂಪ್ರೆಸರ್ ಎಂಬುದಕ್ಕೂ ಮನೆಯಲ್ಲಿರುವ ಯುಪಿಎಸ್‌ಗೂ ಸಂಬಂಧವಿಲ್ಲ. ಹಳೆಯ ಬಗೆಯ ಕಂಪ್ರೆಸರ್ ಪೂರ್ಣ ವೇಗದಲ್ಲಿ ಓಡುತ್ತದೆ ಅಥವಾ ನಿಲ್ಲುತ್ತದೆ; ಇದು ಅಗತ್ಯಕ್ಕೆ ತಕ್ಕಂತೆ ವೇಗವನ್ನು ಏರಿಸಿ ಇಳಿಸುತ್ತದೆ, ಆದ್ದರಿಂದ ಸದ್ದು ಕಡಿಮೆ, ಶುರುವಾಗುವಾಗ ಎಳೆಯುವ ಕರೆಂಟೂ ಕಡಿಮೆ. ಡಬಲ್ ಡೋರ್ ಫ್ರಿಜ್ಜುಗಳಲ್ಲಿ ಈಗ ಹೆಚ್ಚಿನವು ಇದೇ ಬಗೆಯವು, ಹಾಗಾಗಿ ಅದಕ್ಕೆಂದು ಪ್ರತ್ಯೇಕವಾಗಿ ಹುಡುಕಬೇಕಾಗಿಲ್ಲ. ಇದರ ದುರ್ಬಲ ಭಾಗವೆಂದರೆ ಹಿಂಬದಿಯ ಎಲೆಕ್ಟ್ರಾನಿಕ್ ಬೋರ್ಡು. ವೋಲ್ಟೇಜಿನ ಏರಿಳಿತಕ್ಕೆ, ಬೆಚ್ಚಗಿನ ಜಾಗ ಹುಡುಕಿಕೊಂಡು ಒಳಸೇರುವ ಹಲ್ಲಿ ಮತ್ತು ಇರುವೆಗಳಿಗೆ ಮೊದಲು ಬಲಿಯಾಗುವುದು ಅದೇ. ಕಂಪ್ರೆಸರಿಗೆ ಹತ್ತು ವರ್ಷ ವಾರಂಟಿ ಎಂದು ದೊಡ್ಡದಾಗಿ ಬರೆದಿದ್ದರೂ ಆ ಬೋರ್ಡು, ಗ್ಯಾಸ್ ತುಂಬಿಸುವುದು, ಮೆಕ್ಯಾನಿಕ್ಕಿನ ಕೂಲಿ ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಅವಕ್ಕೆ ಉಳಿಯುವುದು ಮೊದಲ ಒಂದು ವರ್ಷವಷ್ಟೇ. ವಾರಂಟಿ ಕಾರ್ಡಿನ ಸಣ್ಣ ಅಕ್ಷರಗಳನ್ನು ಹಣ ಕಟ್ಟುವ ಮುಂಚೆಯೇ ಓದಿಕೊಳ್ಳಿ.

ಸ್ಟೆಬಿಲೈಸರಿನ ಪ್ರಶ್ನೆಗೆ ಉತ್ತರ ನಿಮ್ಮ ಬೀದಿಯಲ್ಲಿದೆ. ಸ್ಟೆಬಿಲೈಸರ್ ಬೇಡ ಎಂದು ಹೇಳುವ ಫ್ರಿಜ್ಜುಗಳು ಒಂದು ವೋಲ್ಟೇಜ್ ವ್ಯಾಪ್ತಿಯನ್ನು ನಮೂದಿಸಿರುತ್ತವೆ, ಆ ಮಾತು ಆ ವ್ಯಾಪ್ತಿಯೊಳಗೆ ಮಾತ್ರ ನಿಜ. ಸಂಜೆ ಏಳರಿಂದ ಒಂಬತ್ತರವರೆಗೆ ದೀಪ ಮಂಕಾಗುವ, ಮಿಕ್ಸಿ ಮುಲುಗುವ ಬೀದಿಯಾದರೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಆ ಹೊತ್ತಿನಲ್ಲಿಯೇ ವೋಲ್ಟೇಜ್ ಅಳೆಯಿಸಿ. ಫ್ರಿಜ್ಜಿನ ವ್ಯಾಪ್ತಿಗಿಂತ ಕೆಳಗೆ ಇಳಿಯುತ್ತಿದ್ದರೆ, ಅಥವಾ ಕರೆಂಟು ವಾಪಸು ಬಂದಾಗ ಬಲ್ಬುಗಳು ಸುಟ್ಟುಹೋಗುವ ಅನುಭವ ನಿಮ್ಮ ಬೀದಿಯಲ್ಲಿ ಆಗಿದ್ದರೆ, ಸ್ಟೆಬಿಲೈಸರ್ ಹಾಕಿಸಿ. ಅದಕ್ಕಿಂತ ಮೊದಲು, ಬಾಡಿಗೆ ಮನೆಯಾದ್ದರಿಂದ, ಆ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇದೆಯೇ ಎಂದು ಅವರಿಂದಲೇ ಪರೀಕ್ಷೆ ಮಾಡಿಸಿ. ಫ್ರಿಜ್ಜಿನ ಮೈ ಮುಟ್ಟಿದಾಗ ಜುಂ ಎನ್ನುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಕರೆಂಟು ಹೋದಾಗ ಯುಪಿಎಸ್‌ಗೆ ಫ್ರಿಜ್ ಜೋಡಿಸುವುದು ನನಗೆ ಒಪ್ಪಿಗೆಯಿಲ್ಲ. ಬಾಗಿಲು ತೆರೆಯದೆ ಬಿಟ್ಟರೆ ಸುಮಾರು ನಾಲ್ಕು ಗಂಟೆಯವರೆಗೆ ಒಳಗಿನ ತಂಪು ಸುರಕ್ಷಿತ ಮಟ್ಟದಲ್ಲಿರುತ್ತದೆ. 12 ವೋಲ್ಟ್, 150 ಆಂಪಿಯರ್-ಅವರಿನ ಒಂದೇ ಬ್ಯಾಟರಿಯ ಯುಪಿಎಸ್ ಮೇಲೆ ದೀಪ ಮತ್ತು ಫ್ಯಾನುಗಳ ಜೊತೆ ಫ್ರಾಸ್ಟ್ ಫ್ರೀ ಫ್ರಿಜ್ಜಿನ ಹೀಟರೂ ಕುಳಿತರೆ ರಾತ್ರಿ ಫ್ಯಾನಿಗೆ ಏನೂ ಉಳಿಯುವುದಿಲ್ಲ. ದಿನಕ್ಕೆ ಆರೆಂಟು ಗಂಟೆ ಕರೆಂಟಿಲ್ಲದ ಹಳ್ಳಿಯಲ್ಲಿ ನೀವಿದ್ದಿದ್ದರೆ ನಾನು ಡಬಲ್ ಡೋರ್ ಹೇಳುತ್ತಲೇ ಇರಲಿಲ್ಲ: ಡೈರೆಕ್ಟ್ ಕೂಲ್ ಫ್ರಿಜ್ಜಿನಲ್ಲಿ ಕಟ್ಟಿದ ಆ ಮಂಜುಗಡ್ಡೆಯೇ ಕರೆಂಟಿಲ್ಲದ ಹೊತ್ತಿನಲ್ಲಿ ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ.

ಸ್ಟಾರುಗಳ ಬಗ್ಗೆ ಜನರಿಗೆ ಅಗತ್ಯಕ್ಕಿಂತ ಹೆಚ್ಚು ಭಕ್ತಿಯಿದೆ. ಇಂಧನ ದಕ್ಷತಾ ಬ್ಯೂರೋ ಈ ಮಾನದಂಡವನ್ನು ಕೆಲವು ವರ್ಷಗಳಿಗೊಮ್ಮೆ ಬಿಗಿಗೊಳಿಸುತ್ತದೆ. ಹಳೆಯ ಪಟ್ಟಿಯ ಐದು ಸ್ಟಾರ್ ಹೊಸ ಪಟ್ಟಿಯಲ್ಲಿ ಮೂರೋ ನಾಲ್ಕೋ ಆಗಬಹುದು. ಆದ್ದರಿಂದ ಲೇಬಲ್ ಯಾವ ಅವಧಿಗೆ ಸೇರಿದ್ದು ಎಂಬುದನ್ನೂ, ಅದರಲ್ಲಿ ಅಚ್ಚಾಗಿರುವ ವರ್ಷದ ಯೂನಿಟ್ಟುಗಳನ್ನೂ ಓದಿ. ಒಂದರ ಮೇಲೆ 210, ಇನ್ನೊಂದರ ಮೇಲೆ 150 ಎಂದಿದೆ ಎಂದುಕೊಳ್ಳಿ. ಯೂನಿಟ್ಟಿಗೆ ಆರು ರೂಪಾಯಿಯಂತೆ ವರ್ಷದ ಉಳಿತಾಯ 360 ರೂಪಾಯಿ, ಹತ್ತು ವರ್ಷಕ್ಕೆ 3,600. ಎರಡನೆಯದರ ಬೆಲೆ ಐದು ಸಾವಿರ ಹೆಚ್ಚಿದ್ದರೆ ಹಣದ ಲೆಕ್ಕದಲ್ಲಿ ಅದು ಗಿಟ್ಟುವುದಿಲ್ಲ. ಆದರೆ ನಮ್ಮ ರಾಜ್ಯದಲ್ಲಿ ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆ ಬಂದ 2023ರಿಂದ ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕಾಗುವುದರಿಂದ, ನಿಮ್ಮ ಬೆಸ್ಕಾಂ ಬಿಲ್ಲು ಈಗಾಗಲೇ ನೂರ ಎಂಬತ್ತೈದರ ಹತ್ತಿರವಿದ್ದರೆ ತಿಂಗಳಿಗೆ ಐದು ಯೂನಿಟ್ಟಿನ ವ್ಯತ್ಯಾಸವೂ ದೊಡ್ಡದಾಗುತ್ತದೆ. ಬೇಸಿಗೆಯಲ್ಲಿ ಫ್ರಿಜ್ ಲೇಬಲ್ಲಿನಲ್ಲಿ ಇರುವುದಕ್ಕಿಂತ ಹೆಚ್ಚು ತಿನ್ನುತ್ತದೆ ಎಂಬುದನ್ನೂ ಸೇರಿಸಿಕೊಂಡು, ಏಪ್ರಿಲ್ ತಿಂಗಳ ಹಳೆಯ ಬಿಲ್ಲನ್ನು ತೆಗೆದು ನೋಡಿ ನಿರ್ಧರಿಸಿ.

ವೈಫೈ, ಬಾಗಿಲಿನ ಮೇಲಿನ ಪರದೆ, ವಿಟಮಿನ್ ಉಳಿಸುವ ಬೆಳಕು ಇವುಗಳಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಅಡುಗೆಮನೆ ಚಿಕ್ಕದೆಂದಿದ್ದೀರಿ. ಈಗಿನ ಫ್ರಿಜ್ಜುಗಳಲ್ಲಿ ಶಾಖವನ್ನು ಹೊರಹಾಕುವ ಕೊಳವೆಗಳು ಬಹುಮಟ್ಟಿಗೆ ಪಕ್ಕದ ಗೋಡೆಗಳೊಳಗೇ ಇರುತ್ತವೆ, ಪಕ್ಕ ಮುಟ್ಟಿದರೆ ಬಿಸಿಯಾಗುವುದು ದೋಷವಲ್ಲ. ಆ ಶಾಖ ಹೋಗಲು ಹಿಂದೆ ಮತ್ತು ಇಕ್ಕೆಲಗಳಲ್ಲಿ ಕೈಪಿಡಿ ಹೇಳುವಷ್ಟು ಅಂತರ ಬೇಕೇ ಬೇಕು. ಒಲೆಯ ಪಕ್ಕದಲ್ಲಿಯೋ ಪಶ್ಚಿಮದ ಬಿಸಿಲು ಬೀಳುವ ಕಿಟಕಿಯ ಎದುರಿಗೋ ಇಟ್ಟರೆ ಕಂಪ್ರೆಸರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಇವೆರಡನ್ನು ಬಿಟ್ಟು ಬೇರೆ ಜಾಗ ಅಡುಗೆಮನೆಯಲ್ಲಿ ಇಲ್ಲದಿದ್ದರೆ ಸಂಕೋಚವಿಲ್ಲದೆ ನಡುಮನೆಯಲ್ಲಿ ಇಡಿ. ಬಾಗಿಲು ತೊಂಬತ್ತು ಡಿಗ್ರಿಗಿಂತ ಹೆಚ್ಚು ತೆರೆಯದಿದ್ದರೆ ತರಕಾರಿ ಟ್ರೇ ಹೊರಗೆ ಬರುವುದಿಲ್ಲವಾದ್ದರಿಂದ, ಹಿಂಜ್ ಇರುವ ಬದಿ ಗೋಡೆಗೆ ಅಂಟಿಕೊಳ್ಳುವ ಮೂಲೆಯಲ್ಲಿ ನಿಲ್ಲಿಸಬೇಡಿ. ಮನೆಯ ಬಾಗಿಲು, ಮೆಟ್ಟಿಲಿನ ತಿರುವು ಇವುಗಳ ಅಗಲವನ್ನೂ ಪಾತ್ರೆಯ ಚೀಟಿಯಲ್ಲಿಯೇ ಬರೆದುಕೊಳ್ಳಿ. ಒಳಗಿನ ತಂಪು 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತುಸು ಕಡಿಮೆ, ಫ್ರೀಜರಿನಲ್ಲಿ ಮೈನಸ್ 18 ಇರಬೇಕು. ತಿರುಗಿಸುವ ಗುಂಡಿಯಿರುವ ಫ್ರಿಜ್ಜಿನಲ್ಲಿ ದೊಡ್ಡ ಸಂಖ್ಯೆ ಎಂದರೆ ಹೆಚ್ಚು ತಂಪು. ಬೇಸಿಗೆಯಲ್ಲಿ ಬಿಸಿಲು ಹೆಚ್ಚಾಯಿತೆಂದು ಅದನ್ನು ಕೊನೆಯವರೆಗೆ ತಿರುಗಿಸಿದರೆ ಹಿಂಬದಿಯಲ್ಲಿಟ್ಟ ಹಾಲು ಮಂಜುಗಡ್ಡೆಯಾಗುತ್ತದೆ.

ಮಾಲು ಮನೆಗೆ ಬಂದ ದಿನ, ಪ್ಯಾಕಿಂಗ್ ತೆಗೆಸಿ ನಾಲ್ಕೂ ಮೂಲೆಗಳಲ್ಲಿ ತಗ್ಗು ಬಿದ್ದಿದೆಯೇ ಎಂದು ನೋಡಿದ ಮೇಲೆಯೇ ಸಹಿ ಮಾಡಿ. ಬಾಗಿಲಿನ ರಬ್ಬರಿನ ನಡುವೆ ಹತ್ತು ರೂಪಾಯಿಯ ನೋಟು ಸಿಕ್ಕಿಸಿ ಎಳೆಯಿರಿ. ಯಾವ ಬದಿಯಲ್ಲಿಯೂ ಅದು ಸಲೀಸಾಗಿ ಜಾರಿ ಬರಬಾರದು. ಗಾಡಿಯಲ್ಲಿ ವಾಲಿಸಿ ತಂದಿದ್ದರೆ ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಸ್ವಿಚ್ ಹಾಕಿ, ಒಳಗೆ ಚೆನ್ನಾಗಿ ತಂಪಾದ ಮೇಲಷ್ಟೇ ಪದಾರ್ಥಗಳನ್ನು ಇಡಲು ಶುರುಮಾಡಿ. ಬಿಲ್ಲಿನಲ್ಲಿ ಮಾಡೆಲ್ ಸಂಖ್ಯೆ ಮತ್ತು ಸೀರಿಯಲ್ ಸಂಖ್ಯೆ ಎರಡೂ ಇರಬೇಕು, ಅವು ಫ್ರಿಜ್ಜಿಗೆ ಅಂಟಿಸಿರುವ ಚೀಟಿಯೊಂದಿಗೆ ತಾಳೆಯಾಗಬೇಕು. ಮನೆ ಬದಲಾಯಿಸಿ ಬೇರೆ ಊರಿಗೆ ಹೋದರೂ ವಾರಂಟಿ ಕೇಳಲು ಬೇಕಾಗುವುದು ಆ ಬಿಲ್ಲೇ.